ಬೀಗದ ಗುರುತು ಕಂಡರೆ ಸಾಕೇ?

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಬೆಳಗಾದರೆ ಜಿಎಸ್‌ಟಿ, ಕಸ್ಟಮ್ಸ್‌ನ ಐಸ್‌ಗೇಟ್, ಬ್ಯಾಂಕು, ಎಲ್ಲವೂ ಬ್ರೌಸರಿನಲ್ಲೇ. ಅಲ್ಲೂ ಕೊಯಮತ್ತೂರಿನ ಆಡಿಟರ್ ಕಚೇರಿಗಳಲ್ಲೂ ಕಿವಿಗೆ ಬೀಳುವ ಕೆಲವು ಮಾತುಗಳಿವು.

ತಪ್ಪು ಕಲ್ಪನೆ: ವಿಳಾಸದ ಪಕ್ಕ ಬೀಗವಿದ್ದರೆ ತಾಣ ಅಸಲಿ.
ವಾಸ್ತವ: ನೀವು ಕಳಿಸಿದ್ದನ್ನು ದಾರಿಯಲ್ಲಿ ಯಾರೂ ಕದ್ದು ಓದಲಾರರು, ಅಷ್ಟೇ. ನಿಮ್ಮ ಖರೀದಿದಾರನ ಹೆಸರಲ್ಲಿ ಒಂದಕ್ಷರ ತಿರುಚಿ ತಾಣ ತೆರೆದ ಮೋಸಗಾರನಿಗೂ ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ. ಬೀಗವನ್ನು ಜನ ತಪ್ಪಾಗಿ ಓದುತ್ತಿದ್ದಾರೆಂದು ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆಯಿತು.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಕೊಟ್ಟದ್ದು ಸರ್ಕಾರವಾದರೆ ಭಯವಿಲ್ಲ.
ವಾಸ್ತವ: 2014ರ ಜುಲೈ 2ರಂದು ಗೂಗಲ್‌ಗೆ ತಾನು ಕೇಳದೆಯೇ ತನ್ನ ವಿಳಾಸಗಳಿಗೆ ಹೊರಟ ಸರ್ಟಿಫಿಕೇಟ್‌ಗಳು ಕಂಡವು. ಕೊಟ್ಟದ್ದು ಬೇರಾರೂ ಅಲ್ಲ, ನಮ್ಮ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ. ಅದರ ಬೆನ್ನಿಗಿದ್ದುದು ಸರ್ಟಿಫಿಕೇಟ್ ಕೊಡುವವರ ಮೇಲ್ವಿಚಾರಣೆ ನೋಡುವ ಕೇಂದ್ರದ ಸಿಸಿಎ. ಸಿಸಿಎಯನ್ನು ವಿಂಡೋಸ್ ನಂಬುತ್ತಿತ್ತು, ಹಾಗಾಗಿ ವಿಂಡೋಸಿನಲ್ಲಿ ಓಡುವ ಕ್ರೋಮ್ ಕೂಡ. ಬೇರೆಯವರಿಗೆ ಸರ್ಟಿಫಿಕೇಟ್ ಕೊಡಲು ಎನ್‌ಐಸಿ ಬಳಸುತ್ತಿದ್ದ ಮಧ್ಯಂತರ ಸರ್ಟಿಫಿಕೇಟ್‌ಗಳನ್ನೆಲ್ಲ ಸಿಸಿಎ ಮರುದಿನವೇ ರದ್ದು ಮಾಡಿತು. ತಪ್ಪಾಗಿ ಹೊರಟವು ನಾಲ್ಕೇ, ಮೂರು ಗೂಗಲ್‌ನವು, ಒಂದು ಯಾಹೂವಿನದು ಎಂದು ಲೆಕ್ಕವನ್ನೂ ಕೊಟ್ಟಿತು. ಆ ಲೆಕ್ಕದಲ್ಲಿಲ್ಲದವೂ ನಮಗೆ ಸಿಕ್ಕಿವೆ ಎಂದಿತು ಗೂಗಲ್! ಕೊನೆಗೆ ಸರ್ಕಾರಿ ತಾಣಗಳು, ರಿಸರ್ವ್ ಬ್ಯಾಂಕು ಮೊದಲಾದ ಏಳು ಡೊಮೇನ್‌ಗಳ ಆಚೆ ಸಿಸಿಎಯ ಮಾತನ್ನು ಕ್ರೋಮ್ ಒಪ್ಪದಂತಾಯಿತು. ನನಗೆ ಇದು ಸರಿಯಾದ ಶಿಕ್ಷೆಯೆಂದೇ ಅನಿಸುತ್ತದೆ.

ತಪ್ಪು ಕಲ್ಪನೆ: 2014ರಲ್ಲಿ ಆದದ್ದು ಬ್ರೌಸರಿನ ಪ್ರೋಗ್ರಾಂ ದೋಷ.
ವಾಸ್ತವ: ಪ್ರೋಗ್ರಾಂ ಹೇಳಿದಂತೆಯೇ ಕೇಳಿತು. ಯಾರನ್ನು ನಂಬಬೇಕೆಂಬ ಪಟ್ಟಿಯೊಂದು ಅದರ ಕೈಯಲ್ಲಿರುತ್ತದೆ, ಪಟ್ಟಿಯಲ್ಲಿದ್ದವನೇ ಎಡವಿದ. ಫೈರ್‌ಫಾಕ್ಸ್ ಪಾರಾದದ್ದು ಜಾಣತನದಿಂದಲ್ಲ, ಅದರ ಸ್ವಂತ ಪಟ್ಟಿಯಲ್ಲಿ ಸಿಸಿಎ ಇರಲಿಲ್ಲ.

ತಪ್ಪು ಕಲ್ಪನೆ: ಡಿಜಿಟಲ್ ಸಹಿಯ (ಡಿಎಸ್‌ಸಿ) ಟೋಕನ್ ಹಾಕಿದ್ದೇವೆ, ಕಂಪ್ಯೂಟರ್ ಭದ್ರ.
ವಾಸ್ತವ: ಆ ಟೋಕನ್ ನಿಮ್ಮ ಸಹಿ. ಎದುರಿನ ತಾಣ ಯಾರದೆಂದು ಅದು ನೋಡುವುದಿಲ್ಲ. ಅದನ್ನು ಪಾಸ್‌ವರ್ಡ್ ಸಮೇತ ಆಡಿಟರ್ ಮೇಜಿನ ಡ್ರಾಯರಿನಲ್ಲಿ ಬಿಟ್ಟುಬರುವುದು ಬೇರೆಯೇ ಕಥೆ.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಸರಿಯಿಲ್ಲವೆಂಬ ಎಚ್ಚರಿಕೆಯ ಪುಟ ಬಂದರೆ ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋದರಾಯಿತು.
ವಾಸ್ತವ: ಮೊದಲು ಕಂಪ್ಯೂಟರಿನ ದಿನಾಂಕ ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋದರೆ ಒಳ್ಳೆಯ ತಾಣಕ್ಕೂ ಇದೇ ಪುಟ ಬರುತ್ತದೆ. ದಿನಾಂಕ ಸರಿಯಿದ್ದರೆ ಪಾಸ್‌ವರ್ಡ್ ಟೈಪ್ ಮಾಡಬೇಡಿ. ಪುಟ ಮುಚ್ಚಿ, ನಿಮ್ಮ ಹಳೆಯ ಡೈರಿಯಲ್ಲಿರುವ ಆ ತಾಣದವರ ನಂಬರಿಗೆ ಫೋನ್ ಮಾಡಿ ಕೇಳಿ.