ಹಿಮವಿಲ್ಲದ ನಾಡಿನ ಹಿಮಪಟು

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಲೊಂಕಿಮೈ ಎಂಬ ಅಗ್ನಿಪರ್ವತದ ಮಗ್ಗುಲಿಗೆ ಕೊರಾಲ್ಕೊ ಎಂಬ ಹಿಮಕ್ಷೇತ್ರವಿದೆ. 2025ರಲ್ಲಿ ಅಲ್ಲಿ ಜರುಗಿದ ಅಂತಾರಾಷ್ಟ್ರೀಯ ಪಂದ್ಯದ 5 ಕಿಲೋಮೀಟರ್ ಸ್ಪರ್ಧೆಯಲ್ಲಿ ಕೊಡಗಿನ ತರುಣಿ ತೆಕ್ಕಡ ನಂಜುಂಡ ಭವಾನಿಯವರು ಕಂಚಿನ ಪದಕ ಗಳಿಸಿದರು. ಕ್ರಾಸ್‌ಕಂಟ್ರಿ ಸ್ಕೀಯಿಂಗಿನ ಅಂತಾರಾಷ್ಟ್ರೀಯ ಕಣದಲ್ಲಿ ಪದಕ ಪಡೆದ ಪ್ರಥಮ ಭಾರತೀಯ ಮಹಿಳೆ ಎಂಬ ಮನ್ನಣೆ ಅದರಿಂದ ಈಕೆಗೆ ಸಂದಿತು. ಕ್ರಿಕೆಟಿನ ಗದ್ದಲದ ನಡುವೆ ಈ ವಾರ್ತೆ ನಮ್ಮ ವಾಚಕರಲ್ಲಿ ಅನೇಕರ ಕಿವಿಗೆ ಬಿದ್ದಿರಲಾರದು. ಬಿದ್ದಿದ್ದರೂ, ಕನ್ನಡ ನಾಡಿಗೂ ಹಿಮದಾಟಕ್ಕೂ ಎಲ್ಲಿಯ ನಂಟು ಎಂದು ಬೆರಗಾಗಿರಬೇಕು.

ಬೆರಗು ಸಹಜವೇ. ನಾವು ನೆಲೆಸಿರುವ ಈ ಹೈದರಾಬಾದಿನಲ್ಲಿ ಹಿಮವೆಂದರೆ ಕಬ್ಬಿನಹಾಲಿನ ಅಂಗಡಿಗೆ ಗೋಣಿ ಹೊದ್ದು ಬರುವ ಐಸಿನ ದಿಮ್ಮಿ. 2004ರಲ್ಲಿ ಇಂದಿರಾ ಪಾರ್ಕಿನ ಸಮೀಪ ಸ್ನೋ ವರ್ಲ್ಡ್ ಎಂಬ ಕೃತಕ ಹಿಮಶಾಲೆ ತೆರೆದಾಗ, ಜನರು ಟಿಕೇಟು ಕೊಂಡು, ಬಾಡಿಗೆಯ ಕೋಟು ತೊಟ್ಟು, ಚಳಿಯಲ್ಲಿ ನಡುಗಿ ಬರುವುದನ್ನೇ ಒಂದು ವಿನೋದವೆಂದು ಬಗೆದರು. ಕೊಡಗಿನಲ್ಲಿ ಮಂಜು ಉಂಟು, ಮಳೆ ಧಾರಾಳವಾಗಿ ಉಂಟು. ಆದರೆ ನೆಲದ ಮೇಲೆ ನಿಲ್ಲುವ ಹಿಮ ಅಲ್ಲಿಯೂ ಇಲ್ಲ.

ಆ ಪುಟ್ಟ ಜಿಲ್ಲೆ ಕ್ರೀಡೆಗೆ ಹೊಸದಲ್ಲ. ಕೊಡಗೆಂದೊಡನೆ ಹಾಕಿ ನೆನಪಾಗುತ್ತದೆ. 1997ರಲ್ಲಿ ಆರಂಭವಾದ ಕೊಡವ ಮನೆತನಗಳ ಹಾಕಿ ಹಬ್ಬದ ಖ್ಯಾತಿ ಈಗ ಎಲ್ಲ ಕಡೆಗೂ ಹಬ್ಬಿದೆ. ನಮ್ಮ ಊರಿನ ಜ್ವಾಲಾ ಗುಟ್ಟಾ ಅವರೊಡಗೂಡಿ 2011ರ ವಿಶ್ವ ಬ್ಯಾಡ್ಮಿಂಟನ್ ಪಂದ್ಯದಲ್ಲಿ ಕಂಚು ಗೆದ್ದ ಅಶ್ವಿನಿ ಪೊನ್ನಪ್ಪನವರೂ ಕೊಡಗಿನ ಮನೆತನದವರೇ. ಆದರೆ ಬ್ಯಾಡ್ಮಿಂಟನಿಗೆ ನಾಲ್ಕು ಗೋಡೆ, ಒಂದು ಮಾಡು ಇದ್ದರೆ ಯಾವ ಊರಾದರೂ ಆದೀತು. ಹಿಮವನ್ನು ಹಾಗೆ ಕಟ್ಟಿಸಿಕೊಳ್ಳಲು ಬಾರದು. ಅದಿರುವಲ್ಲಿಗೆ ಮನುಷ್ಯನೇ ಹೋಗಬೇಕು. ಹೊಟ್ಟೆಪಾಡಿಗಾಗಿ ಕುಂದಾಪುರದಿಂದಲೋ ಕಾರ್ಕಳದಿಂದಲೋ ಇಷ್ಟು ದೂರ ಬಂದಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಆಟದ ಸ್ವರೂಪವನ್ನು ಕುರಿತು ಎರಡು ಮಾತು. ಚಲನಚಿತ್ರಗಳಲ್ಲಿ ನಾವು ಕಾಣುವ ಸ್ಕೀಯಿಂಗ್ ಕಡಿದಾದ ಇಳಿಜಾರಿನಲ್ಲಿ ಸರ್ರನೆ ಜಾರುವಂಥದು. ಅಲ್ಲಿ ಭೂಮಿಯ ಸೆಳೆತವೇ ಅರ್ಧ ಕೆಲಸ ಮಾಡಿಬಿಡುತ್ತದೆ. ಕ್ರಾಸ್‌ಕಂಟ್ರಿ ಹಾಗಲ್ಲ. ಏರು, ಇಳಿವು, ಸಮತಲ, ಮೂರನ್ನೂ ಸ್ವಂತ ಬಲದಿಂದಲೇ ದಾಟಬೇಕು. ಬೂಟಿನ ತುದಿ ಮಾತ್ರ ಸ್ಕೀಗೆ ಬಂಧಿತವಾಗಿರುತ್ತದೆ, ಹಿಮ್ಮಡಿ ಸ್ವತಂತ್ರ. ಕೈಯಲ್ಲಿ ಎರಡು ಕೋಲು. ಕಾಲು, ತೋಳು, ಬೆನ್ನು, ಶ್ವಾಸಕೋಶ ಇವೆಲ್ಲವೂ ಏಕಕಾಲಕ್ಕೆ ದುಡಿಯಬೇಕು; ಗುರಿ ಮುಟ್ಟಿದವರು ಹಿಮದ ಮೇಲೆಯೇ ಕುಸಿದು ಬೀಳುವುದು ಸಾಮಾನ್ಯ ದೃಶ್ಯ. ಹಿಮದಲ್ಲಿ ಕೊರೆದ ಜೋಡಿ ಗಾಡಿಜಾಡುಗಳಲ್ಲಿ ನೇರವಾಗಿ ಸಾಗುವುದು ಒಂದು ಶೈಲಿ. ಪಾದಗಳನ್ನು ಓರೆಯಾಗಿ ಒತ್ತುತ್ತ ಸಾಗುವುದು ಇನ್ನೊಂದು. ಭವಾನಿಯವರ ಕಂಚು ಈ ಎರಡನೆಯದರಲ್ಲಿ ಬಂದದ್ದು. ಸ್ಕೀಯ ಅಡಿಗೆ ಸವರುವ ಮೇಣವೂ ಒಂದು ವಿದ್ಯೆ. ಹಿಮ ಒದ್ದೆಯೋ ಒಣಗಿದೆಯೋ, ಚಳಿ ಎಷ್ಟು ಡಿಗ್ರಿ ಎಂಬುದನ್ನು ನೋಡಿ ಮೇಣವನ್ನು ಆರಿಸಬೇಕು. ಕಾವಲಿಗೆ ನೀರು ಚಿಮುಕಿಸಿ, ಅದರ ಸದ್ದಿನಿಂದಲೇ ಕಾವನ್ನರಿತು ದೋಸೆ ಹುಯ್ಯುವ ನಮ್ಮ ಭಟ್ಟರಿಗೆ ಈ ಸೂಕ್ಷ್ಮ ತಿಳಿಯದಿರದು.

ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಈ ಸ್ಪರ್ಧೆ ತೆರೆದುದು 1952ರ ಓಸ್ಲೋ ಕೂಟದಲ್ಲಿ. ಅಂದಿನ 10 ಕಿಲೋಮೀಟರಿನಲ್ಲಿ ಫಿನ್ಲೆಂಡಿನ ಲೂಡಿಯಾ ವಿಡೆಮನ್ ಜಯಶಾಲಿಯಾದರು. ಮುಂದೆ ನಾರ್ವೆಯ ಮಾರಿಟ್ ಬ್ಯೋರ್ಗೆನ್ ಇದೇ ಕ್ರೀಡೆಯಲ್ಲಿ 8 ಚಿನ್ನಗಳೂ ಸೇರಿದಂತೆ 15 ಒಲಿಂಪಿಕ್ ಪದಕಗಳನ್ನು ಕೂಡಿಹಾಕಿದರು. ಆ ದೇಶಗಳಲ್ಲಿ ನಡೆಯಲು ಕಲಿತ ಮಗುವಿಗೆ ಸ್ಕೀ ತೊಡಿಸುವ ರೂಢಿ.

ಭವಾನಿಯವರ ದಾರಿ ಸುತ್ತುಬಳಸಿನದು. ಎನ್.ಸಿ.ಸಿ.ಯಿಂದ ಪರ್ವತಾರೋಹಣಕ್ಕೆ, ಅಲ್ಲಿಂದ ಸ್ಕೀಯಿಂಗಿಗೆ. ಅನ್ಯರು ಬಾಲ್ಯದಲ್ಲಿ ಕಲಿತುದನ್ನು ಈಕೆ ಪ್ರಾಯ ಬಂದ ಮೇಲೆ ಕಲಿತರು. ಕಾಶ್ಮೀರದ ಗುಲ್ಮಾರ್ಗದಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕೂಟಗಳಲ್ಲಿ ಹಿಮದ ನಡುವೆಯೇ ಹುಟ್ಟಿ ಬೆಳೆದವರನ್ನು ಹಿಂದಿಕ್ಕಿ ಕರ್ನಾಟಕಕ್ಕೆ ಚಿನ್ನ ತಂದರು. 2023ರಲ್ಲಿ ಸ್ಲೊವೇನಿಯದ ಪ್ಲಾನಿತ್ಸದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೂ, 2025ರ ಫೆಬ್ರವರಿಯಲ್ಲಿ ಚೀನದ ಹಾರ್ಬಿನ್ ನಗರದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲೂ ಭಾರತದ ಪರವಾಗಿ ಸ್ಪರ್ಧಿಸಿದರು.

ಅತಿಶಯೋಕ್ತಿ ನಮಗೆ ಬೇಡ. ಚಿಲಿಯಲ್ಲಿ ಭವಾನಿಯವರು ತೆಗೆದುಕೊಂಡ ಕಾಲ 21 ನಿಮಿಷಕ್ಕೆ ತುಸು ಮಿಗಿಲು. ಇಷ್ಟೇ ದೂರವನ್ನು ಜಗತ್ತಿನ ಅಗ್ರಗಣ್ಯರು 13 ನಿಮಿಷಗಳ ಆಸುಪಾಸಿನಲ್ಲಿ ಮುಗಿಸುತ್ತಾರೆ. ಹಾದಿ ಹಾದಿಗೂ ಭೇದವಿದೆ ಎಂದುಕೊಂಡರೂ ಅಂತರ ದೊಡ್ಡದೇ. ಆದರೆ ಆ ಅಂತರವನ್ನು ತುಂಬುವ ಬಗೆ ಹೇಗೆ? ಹಿಮವಿಲ್ಲದ ತಿಂಗಳುಗಳಲ್ಲಿ ಈ ಪಟುಗಳು ಗಾಲಿ ಜೋಡಿಸಿದ ಸ್ಕೀಗಳನ್ನು ತೊಟ್ಟು ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಹಿಮದ ತಿಂಗಳುಗಳಲ್ಲಿಯೂ ಹಿಮ ಕೈಕೊಡುವುದುಂಟು. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗದಲ್ಲೇ ಸಾಕಷ್ಟು ಹಿಮ ಬೀಳದೆ ರಾಷ್ಟ್ರೀಯ ಕೂಟವನ್ನು ಮಾರ್ಚಿಗೆ ಮುಂದೂಡಬೇಕಾಯಿತು.

ಹಣದ ಮಾತು ಇನ್ನೂ ಬಿಗಿಯಾದುದು. ಅಂತಾರಾಷ್ಟ್ರೀಯ ಸ್ಕೀ ಸಂಸ್ಥೆಯ ಅಂಕಗಳ ಲೆಕ್ಕ ವಿಚಿತ್ರವಾಗಿದೆ, ನಮ್ಮ ಗುಮಾಸ್ತ ಬಂಧುಗಳಿಗೆ ರುಚಿಸಬಹುದು. ಅಲ್ಲಿ ಅಂಕ ಕಡಿಮೆಯಾದಷ್ಟೂ ಸ್ಥಾನ ಮೇಲು. ವಿಜೇತರಿಗಿಂತ ಹಿಂದೆ ಉಳಿದಷ್ಟೂ ಅಂಕ ಏರುತ್ತದೆ. ಒಲಿಂಪಿಕ್ಸಿನ ಅರ್ಹತೆಗಾಗಿ ಅದನ್ನು ತಗ್ಗಿಸಬೇಕಾದರೆ ಮಾನ್ಯತೆ ಪಡೆದ ಪಂದ್ಯಗಳಲ್ಲಿ ಮೇಲಿಂದ ಮೇಲೆ ಇಳಿಯಬೇಕು. ಅವುಗಳಲ್ಲಿ ಬಹುಪಾಲು ವಿದೇಶಗಳಲ್ಲಿ ನಡೆಯುತ್ತವೆ. ನಮ್ಮ ಬೇಸಗೆಯ ಬಳಿಕದ ತಿಂಗಳುಗಳಲ್ಲಿ ಚಳಿಗಾಲವಿರುವುದು ಭೂಗೋಲದ ದಕ್ಷಿಣಾರ್ಧದಲ್ಲಿ. ಚಿಲಿಯಂಥ ದೂರದೇಶಕ್ಕೆ ಭಾರತೀಯ ಪಟು ಹೋಗಬೇಕಾದುದು ಆ ಕಾರಣದಿಂದಲೇ. ವಿಮಾನದ ಟಿಕೇಟು, ಸ್ಕೀ, ಕೋಲು, ಮೇಣ, ವಸತಿ, ತರಬೇತುದಾರನ ಸಂಬಳ ಇವನ್ನೆಲ್ಲ ಕೂಡಿಸಿ ನೋಡಿದರೆ ಮಧ್ಯಮ ವರ್ಗದ ಮನೆಯೊಂದು ನಿಭಾಯಿಸುವ ಮೊತ್ತವಲ್ಲ. ಸರ್ಕಾರವೂ ಸಿರಿವಂತ ಸಂಸ್ಥೆಗಳೂ ಪದಕ ಬಂದ ಮೇಲೆ ಹಾರ ಹಿಡಿದು ಬರುವುದಕ್ಕಿಂತ, ಪದಕಕ್ಕೆ ಮೊದಲೇ ಟಿಕೇಟಿನ ದುಡ್ಡು ಕೊಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಒಲಿಂಪಿಕ್ಸಿನ ಕ್ರಾಸ್‌ಕಂಟ್ರಿಯಲ್ಲಿ 2006ರಲ್ಲಿ ಬಹಾದುರ್ ಗುಪ್ತ, 2010ರಲ್ಲಿ ತಾಶಿ ಲುಂಡುಪ್, 2014ರಲ್ಲಿ ನದೀಮ್ ಇಕ್ಬಾಲ್, 2018ರಲ್ಲಿ ಜಗದೀಶ್ ಸಿಂಗ್ ಭಾರತದ ಹೆಸರಿನಲ್ಲಿ ಓಡಿದರು. 2022ರ ಬೀಜಿಂಗ್ ಕೂಟದ ತನಕ ಆ ಪಟ್ಟಿಯಲ್ಲಿ ಭಾರತೀಯ ಮಹಿಳೆಯ ಹೆಸರು ಒಂದೂ ಇರಲಿಲ್ಲ.