ಫೋನು ಒಂದು, ಓದೋ ಮಕ್ಕಳು ಮೂರು: ಇ-ಕಲಿಕೆಯ ಲೆಕ್ಕ ಎಲ್ಲಿ ತಪ್ತದೆ?

ಕವಿತಾಳದಿಂದ ಮಾತಾಡ್ತಿದ್ದೀನಿ. ಈ ಸಂಚಿಕೆಯಲ್ಲಿ ಮೂರು ಪದ ಬಿಡಿಸಿ ನೋಡೋಣ: ಇ-ಕಲಿಕೆ, ಮೊಬೈಲ್ ಕಲಿಕೆ, ಮಿಶ್ರ ಕಲಿಕೆ. ಆ್ಯಪ್ ಜಾಹೀರಾತಿನಲ್ಲಿ, ಶಾಲೆಯ ಸಭೆಯಲ್ಲಿ ಮೂರೂ ಒಂದೇ ಅನ್ನೋ ಹಾಗೆ ಬಳಸ್ತಾರೆ. ಆದ್ರೆ ಒಂದೊಂದಕ್ಕೂ ಬೇಕಾಗೋ ಸಾಮಾನು ಬೇರೆ, ಖರ್ಚು ಬೇರೆ, ಹಿಂದೆ ಉಳಿಯೋ ಮಕ್ಕಳೂ ಬೇರೆ.

ಮೊದಲು ಇ-ಕಲಿಕೆ. ಟಿವಿ, ಕಂಪ್ಯೂಟರ್, ಇಂಟರ್ನೆಟ್ ಮೂಲಕ ಪಾಠ ಬಂದ್ರೆ ಅದು ಇ-ಕಲಿಕೆ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ದೀಕ್ಷಾ ಇದಕ್ಕೆ ಒಳ್ಳೆ ಉದಾಹರಣೆ. ನಮ್ಮ ಸರ್ಕಾರಿ ಪಠ್ಯಪುಸ್ತಕದ ಪಾಠದ ಪಕ್ಕ ಕಪ್ಪು-ಬಿಳಿ ಚೌಕದ ಕ್ಯೂಆರ್ ಕೋಡ್ ಇರ್ತದಲ್ಲ, ಅದನ್ನ ಸ್ಕ್ಯಾನ್ ಮಾಡಿದ್ರೆ ದೀಕ್ಷಾದಲ್ಲಿರೋ ವಿಡಿಯೊ, ಪ್ರಶ್ನೆಗಳು ತೆರೀತವೆ. ಕಾಲೇಜಿನವರಿಗೆ ಅದೇ 2017ರಲ್ಲಿ ಬಂದ ಸ್ವಯಂ ಅದೆ.

ಎರಡನೇದು ಮೊಬೈಲ್ ಕಲಿಕೆ. ಪಾಠ ಕೈಯಾಗಿನ ಫೋನಿಗೆ, ಸಣ್ಣ ಸಣ್ಣ ತುಂಡಾಗಿ, ಇದ್ದಲ್ಲಿಗೇ ಬರ್ತದೆ. ಮೇಷ್ಟ್ರು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಎರಡು ನಿಮಿಷದ ಧ್ವನಿ ಸಂದೇಶವೂ ಇದೇ.

ಮೂರನೇದು ಮಿಶ್ರ ಕಲಿಕೆ. ಇಲ್ಲಿ ಮೇಷ್ಟ್ರ ಪಾಠವೂ ಇರ್ತದೆ, ಪರದೆಯ ಪಾಠವೂ ಇರ್ತದೆ, ಎರಡಕ್ಕೂ ಮೊದಲೇ ಹಾಕಿದ ಒಂದು ಗಂಟು ಇರ್ತದೆ. ಪರದೆಯಲ್ಲಿ ಏನು ನೋಡಬೇಕು, ನೋಡಿದ ಮೇಲೆ ತರಗತಿಯಲ್ಲಿ ಏನು ಮಾಡಬೇಕು ಅಂತ ಯಾರೋ ಒಬ್ಬರು ಗೊತ್ತು ಮಾಡಿರ್ತಾರೆ. ಬರೀ ಲಿಂಕ್ ಕಳಿಸಿ ಸುಮ್ಮನಾದ್ರೆ ಅದನ್ನ ಮಿಶ್ರ ಕಲಿಕೆ ಅನ್ನೋಕಾಗಲ್ಲ.

ಇದೆಲ್ಲ ಈಗ ಬಂದದ್ದು ಅಂದ್ಕೋಬೇಡ್ರಿ. ಆಕಾಶದಿಂದ ಪಾಠ ಇಳಿಸಿಕೊಂಡ ದೇಶದ ಮೊದಲ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ‘ಸೈಟ್’ ಅನ್ನೋ ಪ್ರಯೋಗ ನಡೆಸಿತು. ಅಮೆರಿಕದ ನಾಸಾ ಒಂದು ವರ್ಷಕ್ಕೆ ಎಟಿಎಸ್-6 ಉಪಗ್ರಹ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೊಂದು ಟಿವಿ ಇಟ್ರು. ಕರ್ನಾಟಕದಿಂದ ಆಯ್ಕೆ ಆದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕನ್ನಡದಲ್ಲಿ 20 ನಿಮಿಷದ ಮೇಲೆ ಸ್ವಲ್ಪ, ಸಂಜೆ ಊರವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ.

ಆ ಪ್ರಯೋಗದಲ್ಲಿ ಗಮನಿಸಬೇಕಾದ್ದು ಇನ್ನೊಂದದೆ. ಸುಮಾರು 50 ಸಾವಿರ ಶಿಕ್ಷಕರಿಗೆ ವಿಜ್ಞಾನ ಪಾಠದ ತರಬೇತಿ ಕೊಟ್ರು, ಒಂದೊಂದು ಸುತ್ತು 12 ದಿನ. ಅದರಲ್ಲಿ ಟಿವಿ ಒಂದೇ ಇರಲಿಲ್ಲ. ರೇಡಿಯೊ, ಅಚ್ಚಾದ ಕೈಪಿಡಿ, ಕೈಯಾರೆ ಮಾಡೋ ಪ್ರಯೋಗ, ಎದುರಿಗೆ ಕೂತು ವಿವರಿಸೋ ಒಬ್ಬ ಮನುಷ್ಯ, ಎಲ್ಲ ಇತ್ತು. ಮಿಶ್ರ ಕಲಿಕೆ ಅನ್ನೋ ಹೆಸರು ಬರೋಕೂ ಮೊದಲೇ ಅದು ನಡೆದಿತ್ತು. ವರ್ಷ ಮುಗೀತು, ಉಪಗ್ರಹ ವಾಪಸ್ ಹೋಯ್ತು. ಟಿವಿ ಪಾಠ ನಿಂತ್ರೂ ತರಬೇತಿ ಪಡೆದ ಶಿಕ್ಷಕರು ಶಾಲೆಯಲ್ಲೇ ಉಳಿದ್ರು.

ಇನ್ನು ಕೊರೊನಾ ಕಾಲಕ್ಕೆ ಬರೋಣ. 2020ರ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ ಪಾಠ ಶುರು ಆಯ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಶಿಕ್ಷಕರು ಮಕ್ಕಳನ್ನ ಮೂರು ಗುಂಪು ಮಾಡಿದ್ರು: ಸ್ಮಾರ್ಟ್‌ಫೋನ್ ಇರೋರು, ಸಾದಾ ಫೋನ್ ಇರೋರು, ಏನೂ ಇಲ್ಲದವರು. ಗುಡಿ ಕಟ್ಟೆ, ಸಮುದಾಯ ಭವನ, ಮರದ ನೆರಳು ಹುಡುಕಿಕೊಂಡು ಪಾಠ ಮಾಡಿದ್ರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, 2021ರ ಜನವರಿಯಲ್ಲಿ ಶಾಲೆ ಆವರಣದಲ್ಲಿ ಮತ್ತೆ ಶುರು ಆಯ್ತು. ತೊಂದರೆ ಏನೇ ಇರ್ಲಿ, ಮನೆಯಲ್ಲಿ ಏನದೆ ಅಂತ ಮೊದಲು ಕೇಳಿ ಆಮೇಲೆ ಪಾಠ ಯೋಚಿಸಿದ್ದು ಸರಿಯಾದ ಕ್ರಮ.

ಯಾಕಂದ್ರೆ ಫೋನ್ ಇರೋದು ಬೇರೆ, ಫೋನ್ ಸಿಗೋದು ಬೇರೆ. 2021ರ ‘ಅಸರ್’ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಶಾಲೆಗೆ ಸೇರಿದ ಮಕ್ಕಳಲ್ಲಿ ಶೇ 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದ್ರೆ ಅಂಥ ಮನೆಯ ಮಕ್ಕಳಲ್ಲೂ ಶೇ 26.1ರಷ್ಟು ಮಂದಿಗೆ ಅದು ಓದೋಕೆ ಸಿಗ್ತಾನೇ ಇರಲಿಲ್ಲ.

ನಾನು ಕಾಮರ್ಸ್ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ನಮ್ಮ ಕಡೆ ಒಂದು ಮನೆ ತಗೊಳ್ರಿ. ಫೋನು ಒಂದು, ಓದೋ ಮಕ್ಕಳು ಮೂರು. ಅಪ್ಪ ಹೊಲಕ್ಕೋ ಕೂಲಿಗೋ ಹೋದ್ರೆ ಫೋನೂ ಹೋಗ್ತದೆ. ಗುಳೆ ಹೋದ್ರೆ ತಿಂಗಳುಗಟ್ಟಲೆ ಇಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಸಿಕ್ಕಿತು ಅನ್ರಿ, 120 ನಿಮಿಷ. ಮೂವರಿಗೆ ಸಮ ಹಂಚಿದ್ರೆ ತಲೆಗೆ 40. ಸಮ ಹಂಚದೇ ಇದ್ರೆ ಹೆಣ್ಣುಮಗಳ ಪಾಲು ಮೊದಲು ಕಡಿಮೆ ಆಗ್ತದೆ, ಯಾಕಂದ್ರೆ ಅದೇ ಹೊತ್ತಿಗೆ ಅಡುಗೆಮನೆಯಿಂದ ಕರೆ ಬರ್ತದೆ. ಆಸ್ತಿ ಪಟ್ಟಿಯಲ್ಲಿ ‘ಫೋನ್ ಇದೆ’ ಅಂತ ಬರೆದ್ರೆ ಈ ಕೊರತೆ ಕಾಣೋದೇ ಇಲ್ಲ. ಬರೀಬೇಕಾದ್ದು ಮಗುವಿಗೆ ಸಿಗೋ ನಿಮಿಷ.

ಹಂಗಾದ್ರೆ ಏನು ಮಾಡಬಹುದು? ಒಂದು, ದೀಕ್ಷಾ ಪಾಠವನ್ನ ನೆಟ್‌ವರ್ಕ್ ಇದ್ದಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡ್ರೆ ಆಮೇಲೆ ಇಂಟರ್ನೆಟ್ ಇಲ್ಲದೇನೂ ನೋಡಬಹುದು. ಎರಡು, ಓಣಿಯ ಒಂದೇ ತರಗತಿಯ ನಾಲ್ಕೈದು ಮಕ್ಕಳು ಒಂದೇ ಫೋನಿನಲ್ಲಿ ಕೂಡಿ ನೋಡ್ಲಿ. 40 ನಿಮಿಷದ ಫೋನು ಐವರಿಗೆ ಆಯ್ತು. ಮೂರು, ನೋಡೋಕೆ ಮೊದಲೇ ಎರಡು ಪ್ರಶ್ನೆ ಕೊಡ್ರಿ, ನೋಡಿದ ಮೇಲೆ ಫೋನ್ ಮುಚ್ಚಿ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಸ್ರಿ. ಪಿಯುಸಿ ಓದೋ ಅಕ್ಕ ಸಾಕು ಇದಕ್ಕೆ. ನಾಲ್ಕು, ಫೋನ್ ಇಲ್ಲದ ಮಗುವಿಗೂ ಅದೇ ಪ್ರಶ್ನೆ ಕಾಗದದಲ್ಲಿ ತಲುಪ್ಲಿ.

ಮುಂದಿನ ಸಲ ಶಾಲೆಗೆ ಟ್ಯಾಬ್ ಬರ್ತದೆ, ಹೊಸ ಆ್ಯಪ್ ಬರ್ತದೆ ಅಂತ ಹೇಳಿದ್ರೆ, ಎಸ್‌ಡಿಎಂಸಿ ಸಭೆಯಲ್ಲಿ ಕೈ ಎತ್ತಿ ಮೂರು ಪ್ರಶ್ನೆ ಕೇಳ್ರಿ. ನಮ್ಮ ಮಗುವಿಗೆ ದಿನಕ್ಕೆ ಎಷ್ಟು ನಿಮಿಷ ಸಿಗ್ತದೆ? ನೋಡಿದ್ದನ್ನ ತರಗತಿಯಲ್ಲಿ ಯಾರು ಕೇಳ್ತಾರೆ? ಕೆಟ್ಟು ಕೂತ ದಿನ ಪಾಠ ಹೆಂಗೆ ನಡೀತದೆ? ಮೂರಕ್ಕೂ ಉತ್ತರ ಸಿಕ್ಕ ಮೇಲೇ ಸಹಿ ಹಾಕ್ರಿ.

ನಿಮ್ಮ ಓಣಿಯಲ್ಲಿ ಮಕ್ಕಳು ಹೆಂಗೆ ಓದ್ತಾರೆ ಅಂತ ಧ್ವನಿ ಸಂದೇಶ ಕಳಿಸ್ರಿ. ಮತ್ತೆ ಸಿಗೋಣ.