ಹೊಟ್ಟೆ ಆಡುವ ಮಾತು

ಸೇಡಂ ತಾಲೂಕಿನ ಆಡಕಿಯಲ್ಲಿ ನನ್ನ ಸೋದರತ್ತೆಯೊಬ್ಬರಿದ್ದರು, ಸ್ಥೂಲಕಾಯದವರು. ಮನೆಯಲ್ಲಾಗಲಿ ಮದುವೆಯ ಪಂಕ್ತಿಯಲ್ಲಾಗಲಿ ಅವರು ಎಷ್ಟು ರೊಟ್ಟಿ ಹಾಕಿಸಿಕೊಂಡರೆಂದು ಎಣಿಸುವವರಿಗೆ ಕೊರತೆಯಿರಲಿಲ್ಲ. ಬಾಯಿ ಕಟ್ಟಿದರೆ ಮೈ ತಾನೇ ಇಳಿಯುತ್ತದೆಂದು ಉಪದೇಶಿಸಿದವರಲ್ಲಿ ನಾನೂ ಒಬ್ಬ. ‘ಬಾಯಿ ಕಟ್ಟತೀನಿ ತಮ್ಮಾ, ಹೊಟ್ಟಿ ಸುಮ್ನಿರಬೇಕಲ್ಲ’ ಎಂದು ಅವರು ನಕ್ಕಿದ್ದರು. ಅದನ್ನು ನಾನು ಬರಿಯ ನೆವವೆಂದೆಣಿಸಿದ್ದೆ. ಆ ಮಾತಿನಲ್ಲಿ ಶರೀರಶಾಸ್ತ್ರದ ಸತ್ಯವೊಂದು ಅಡಗಿತ್ತೆಂಬುದು ನನಗೆ ಹೊಳೆದದ್ದು, ಬೊಜ್ಜಿನ ಚಿಕಿತ್ಸೆಗಾಗಿ ದೇಹದೊಳಗೆ ಅಳವಡಿಸುವ ವಿದ್ಯುನ್ಮಾನ ಸಾಧನವೊಂದರ ಕುರಿತು ಓದಿದಾಗ.

ಮಿದುಳಿನ ಬುಡದಿಂದ ಹೊರಟು, ಕೊರಳು ಎದೆಗಳನ್ನು ಹಾದು, ಜಠರಕ್ಕೆ ಇಳಿಯುವ ನರವೊಂದುಂಟು. ಅದರ ಹೆಸರು ವೇಗಸ್; ಲ್ಯಾಟಿನ್ ಭಾಷೆಯಲ್ಲಿ ಅಲೆಯುವಂಥದು ಎಂದರ್ಥ. ಅದರ ಎಳೆಗಳಲ್ಲಿ ಹೆಚ್ಚಿನವು ಮಿದುಳಿನ ಆಜ್ಞೆಯನ್ನು ಕೆಳಗಿಳಿಸುವುವಲ್ಲ. ಒಳಾಂಗಗಳ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವಂಥವು. ಹಸಿವು, ತೃಪ್ತಿಗಳ ಸಮಾಚಾರವೂ ಈ ಹಾದಿಯಲ್ಲಿ ಸಾಗುತ್ತದೆ. ಈ ಸಂಭಾಷಣೆಯನ್ನು ನಡುನಡುವೆ ತಡೆದರೆ ಹಸಿವು ತಗ್ಗೀತೇ ಎಂಬುದೇ ವಿಜ್ಞಾನಿಗಳ ಪ್ರಶ್ನೆಯಾಗಿತ್ತು.

ಹೃದಯಕ್ಕೆ ಅಳವಡಿಸುವ ಪೇಸ್‌ಮೇಕರ್ ನಮಗೆ ಪರಿಚಿತವೇ. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ಅದನ್ನು ರೋಗಿಯ ದೇಹದೊಳಗಿರಿಸಿದರು. ಅದು ಮಿಡಿತವನ್ನು ಪ್ರಚೋದಿಸಿದರೆ, ಅಮೆರಿಕದ ಎಂಟರೋಮೆಡಿಕ್ಸ್ ಸಂಸ್ಥೆಯ ‘ಮೇಸ್ಟ್ರೋ’ ಸಾಧನವು ನರದ ಸಂದೇಶವನ್ನು ತಡೆಯಲೆಂದು ರೂಪುಗೊಂಡದ್ದು. ಎದೆಯ ಪಕ್ಕದಲ್ಲಿ ಚರ್ಮದಡಿ ಒಂದು ಬಿಲ್ಲೆ. ಅದರಿಂದ ಹೊರಟ ತಂತಿಗಳ ತುದಿಗೆ, ಜಠರದ ಮೇಲ್ಭಾಗದಲ್ಲಿ ವೇಗಸ್ ನರದ ಎರಡು ಕವಲುಗಳಿಗೆ ತಾಗಿ ನಿಲ್ಲುವ ವಿದ್ಯುದ್ವಾರಗಳು. ಬಿಲ್ಲೆಯ ಬ್ಯಾಟರಿಯನ್ನು ಚರ್ಮದ ಹೊರಗಿನಿಂದಲೇ ಚಾರ್ಜ್ ಮಾಡಬಹುದಿತ್ತು.

ಇದರ ಪರೀಕ್ಷೆಯ ವರದಿ 2014ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು 239 ಮಂದಿ. 162 ಮಂದಿಗೆ ನಿಜವಾದ ಸಾಧನ. 77 ಮಂದಿಗೆ ನರಕ್ಕೆ ಜೋಡಿಸದ ತೋರಿಕೆಯ ಸಾಧನ. ತಮಗೆ ಸಿಕ್ಕಿದ್ದು ಯಾವುದೆಂದು ಅವರಿಗೆ ತಿಳಿಸಿರಲಿಲ್ಲ. ತೂಕ ಇಳಿಸುವ ತಿಳಿವಳಿಕೆ ಇಬ್ಬರಿಗೂ ಸಮನಾಗಿ ದೊರೆಯಿತು. ಒಂದು ವರ್ಷದ ಕೊನೆಗೆ ಮೊದಲಿನವರು ಸರಾಸರಿ ದೇಹತೂಕದ ಶೇಕಡಾ 9.2ರಷ್ಟನ್ನು ಕಳೆದುಕೊಂಡರೆ, ಎರಡನೆಯವರು ಶೇಕಡಾ 6ರಷ್ಟನ್ನು. ಅಂದರೆ ನೂರು ಕಿಲೋ ತೂಗುವವರಲ್ಲಿ ವಿದ್ಯುತ್ತಿನ ಪಾಲು ಸುಮಾರು ಮೂರು ಕಿಲೋ ಮಾತ್ರ! ಪರೀಕ್ಷಕರು ಮುಂಚೆ ಗೊತ್ತುಮಾಡಿಕೊಂಡಿದ್ದ ಗುರಿಯನ್ನು ಈ ವ್ಯತ್ಯಾಸ ಮುಟ್ಟಲಿಲ್ಲ. ಎದೆಯುರಿ, ವಾಕರಿಕೆ, ಬಿಲ್ಲೆಯಿದ್ದೆಡೆ ನೋವು ಇವೂ ಕೆಲವರನ್ನು ಕಾಡಿದವು. ಆದರೂ 2015ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದಕ್ಕೆ ಅನುಮತಿಯಿತ್ತಿತು. ಕೆಲವು ವರ್ಷಗಳ ಬಳಿಕ ಅದರ ಮಾರಾಟ ನಿಂತುಹೋಯಿತು.

ಹಾಗಾದರೆ ಈ ಪ್ರಯತ್ನ ವ್ಯರ್ಥವಾಯಿತೇ? ಹಾಗೆನ್ನಲಾರೆ. ನರಕ್ಕೆ ವಿದ್ಯುತ್ತನ್ನು ಹಾಯಿಸಿದವರಲ್ಲಿ ಅಲ್ಪವಾದರೂ ಹೆಚ್ಚು ತೂಕ ಇಳಿಯಿತೆಂದರೆ, ಹಸಿವು ಕೇವಲ ಮನಸ್ಸಿನ ಚಾಪಲ್ಯವಲ್ಲವೆಂದಾಯಿತು. ಇನ್ನೊಂದು ಪಾಠವೂ ಉಂಟು. ತೋರಿಕೆಯ ಸಾಧನದವರೂ ಸಾಕಷ್ಟು ಇಳಿದರು; ವರ್ಷಪೂರ್ತಿ ಅವರನ್ನು ವಿಚಾರಿಸುವವರಿದ್ದರು, ಅವರಲ್ಲೊಂದು ಭರವಸೆಯಿತ್ತು. ಇವೆರಡೂ ಅದರಲ್ಲಿ ಕೆಲಸ ಮಾಡಿರಬೇಕು.

ನನ್ನ ಅತ್ತೆಗೆ ಇವೆರಡೂ ದೊರೆಯಲಿಲ್ಲ. ಅವರ ರೊಟ್ಟಿಯನ್ನು ಎಣಿಸಿದ ನಾವು ಯಾರೂ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಲಿಲ್ಲ. ಈಗ ಅವರಿಲ್ಲ. ನಿಮ್ಮ ಮನೆಯಲ್ಲಿ ಅಂಥವರೊಬ್ಬರಿದ್ದರೆ, ಅವರ ತಟ್ಟೆಯ ಕಡೆ ನೋಡುವುದನ್ನು ಬಿಟ್ಟು, ಅವರು ಹೇಳುವುದನ್ನು ಒಮ್ಮೆ ಕೇಳಿರೆಂದಷ್ಟೇ ನನ್ನ ಬಿನ್ನಹ.